ಗೃಹವಾರ್ತೆ: ಭಾವನವರ ಪಿಕಪ್ಪು

ಹೋದ ತಿಂಗಳು ಈ ಪುಟದಲ್ಲಿ ಮಳೆಗಾಲಕ್ಕಾಗಿ ಹಪ್ಪಳ ಸಂಡಿಗೆಗಳನ್ನು ಕಾಪಿಡುವ ವಿಚಾರವಾಗಿ ಬರೆದಿದ್ದೆವು. ಈ ತಿಂಗಳು ಡೀಸೆಲ್ ಗಾಡಿಯೊಂದರ ವಿಚಾರವನ್ನು ಎತ್ತಿಕೊಂಡಿರುವುದನ್ನು ಕಂಡು, ಅಡಿಗೆಮನೆಯಿಂದ ಒಮ್ಮೆಲೇ ಗ್ಯಾರೇಜಿಗೆ ಹಾರಿದಿರೇಕೆ ಎಂದು ನಮ್ಮ ಸೋದರಿಯರು ಹುಬ್ಬೇರಿಸಬಹುದು. ಆದರೆ ಮನೆಯ ದುಡ್ಡು ಎಲ್ಲಿಗೆ ಹೋಗುವುದೋ ಅಲ್ಲಿಗೆ ಮನೆಯ ಮಾತೂ ಹೋಗತಕ್ಕದ್ದೇ. ಅದರಲ್ಲಿಯೂ ಈ ಸಲದ ದುಡ್ಡು ನಮ್ಮ ಅಕ್ಕನ ಕೊರಳಿನಿಂದ ಇಳಿದು ಬಂದದ್ದು.

ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಅಕ್ಕ ಭಾವನವರಿಗೆ ಮೂರು ಎಕರೆ ಅಡಿಕೆ ತೋಟವಿದೆ. ಕೊನೆ ಸಾಗಿಸುವುದಕ್ಕೆ, ಸೊಪ್ಪು ಗೊಬ್ಬರ ತರುವುದಕ್ಕೆ, ಮಂಡಿಗೆ ಅಡಿಕೆ ಒಯ್ಯುವುದಕ್ಕೆ ವರ್ಷವೆಲ್ಲ ಬಾಡಿಗೆಯ ಗಾಡಿಯೇ ಗತಿ. ಕರೆದ ದಿನ ಗಾಡಿ ಬಾರದು, ಬಂದ ದಿನ ಮಳೆ ಬಿಡದು. ಬೇಸತ್ತ ಭಾವನವರು ಹಳೆಯದೊಂದು ಪಿಕಪ್ಪನ್ನು ಕೊಳ್ಳುವುದೆಂದು ನಿಶ್ಚಯಿಸಿದರು. ಅಕ್ಕ ನಮಗೆ ಫೋನು ಮಾಡಿ ಹೇಳಿದಳು: "ತಮ್ಮಾ, ನನ್ನ ಅವಲಕ್ಕಿ ಸರವನ್ನು ಸೊಸೈಟಿಯಲ್ಲಿ ಇಟ್ಟಾಯಿತು. ಎರಡೂವರೆ ಲಕ್ಷ ಬಂತು. ಬೇಡವೆಂದು ನಾನು ಹೇಳಲಿಲ್ಲ, ಬಾಡಿಗೆ ತೆತ್ತು ತೆತ್ತು ನನಗೂ ಸಾಕಾಗಿದೆ. ಆದರೆ ಮುಂಗಡ ಕೊಡುವ ಮೊದಲು ನೀನೊಮ್ಮೆ ಬಂದು ನೋಡು. ನೀನು ಜೀಪಿನಲ್ಲಿ ಕೈ ಸುಟ್ಟುಕೊಂಡವನಲ್ಲವೇ?"

ಆ ಜೀಪಿನ ಕಥೆ ಮುಂದೆ ಬರುತ್ತದೆ.

ಮಲೆನಾಡಿಗೂ ಭಾರ ಹೊರುವ ಗಾಡಿಗೂ ಇರುವ ನಂಟು ಹಳೆಯದು. ಮಹೀಂದ್ರ ಸಂಸ್ಥೆಯವರು ೧೯೪೭ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಯುದ್ಧಭೂಮಿಗೆಂದು ಹುಟ್ಟಿದ ಆ ಗಾಡಿ ನಮ್ಮ ಕೆಸರುಹಾದಿಗಳಲ್ಲಿ ಎತ್ತಿನ ಕೆಲಸವನ್ನೂ ಕುದುರೆಯ ಕೆಲಸವನ್ನೂ ಮಾಡಿತು. ೧೯೮೮ರಲ್ಲಿ ಟಾಟಾದವರು ಟಾಟಾಮೊಬೈಲ್ ಎಂಬ ಪಿಕಪ್ಪನ್ನು ಹೊರತಂದರು. ಈಗಲೂ ಹಳ್ಳಿಗಳಲ್ಲಿ ಕಾಣುವ ೨೦೭ ಎಂಬ ಗಾಡಿ ಅದರ ಸಂತತಿ. ಇವುಗಳು ಹೊರುವುದು ಹೆಚ್ಚು ಕಡಿಮೆ ಒಂದು ಟನ್ನಿನ ಭಾರ. ಒಂದು ಟನ್ನೆಂದರೆ ಸಿಮೆಂಟಿನ ೨೦ ಚೀಲ. ಅಥವಾ ಸಾವಿರ ಲೀಟರಿನ ತೊಟ್ಟಿಯ ತುಂಬ ನೀರು. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಭಾವನವರು ಕೊಂಡ ಗಾಡಿ ಯಾವ ಕಂಪನಿಯದೆಂಬುದನ್ನು ಹೇಳುವುದಿಲ್ಲ. ಮುದಿತನದಿಂದ ಬಂದ ದೋಷಕ್ಕೆ ಹೆತ್ತವರನ್ನು ದೂರಬಾರದಷ್ಟೆ.

ನಾವು ಊರಿಗೆ ಹೋದ ಮರುದಿನವೇ ಭಾವನವರು ಮೆಚ್ಚಿದ್ದ ಗಾಡಿಯನ್ನು ನೋಡಲು ಹೊರಟೆವು. ಜತೆಗೆ ಪೇಟೆಯ ಹಿರಿಯ ಮೇಸ್ತ್ರಿಯೊಬ್ಬರನ್ನು ಅವರ ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡೆವು. ಭಾವನವರಿಗೆ ಇದು ಹಿಡಿಸಲಿಲ್ಲ. "ನೋಡುವುದಕ್ಕೂ ಕೂಲಿಯೇ?" ಎಂದರು. ಗಾಡಿಗೆ ಹೊಸದಾಗಿ ಬಣ್ಣ ಬಳಿದಿತ್ತು, ಕನ್ನಡಿಗೆ ಹೂವು ಮುಡಿಸಿತ್ತು. ಮೇಸ್ತ್ರಿಗಳು ಬಣ್ಣವನ್ನು ನೋಡಲಿಲ್ಲ. ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. ಅದು ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಎಂಜಿನನ್ನು ಓಡಿಸಿ ಕಾಯಿಸಿದ್ದರು. ಕಾದ ಎಂಜಿನು ಸುಲಭವಾಗಿ ಚಾಲೂ ಆಗುವುದು. ಸವೆದ ಡೀಸೆಲ್ ಎಂಜಿನಿನ ನಿಜಸ್ಥಿತಿ ತಿಳಿಯುವುದು ತಣ್ಣಗಿರುವಾಗಲೇ. ಬಳಿಕ ಮೇಸ್ತ್ರಿಗಳು ಗೋಣಿಯೊಂದನ್ನು ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ, ಟಾರ್ಚು ಹಿಡಿದು, ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಟಣ್ ಟಣ್ ಎನ್ನುತ್ತಿದ್ದ ಶಬ್ದ ಹಿಂದಿನ ಕಮಾನಿನ ಕೊಂಡಿಯ ಬಳಿ ಬಂದಾಗ ದಪ್ ಎಂದಿತು. ಅಲ್ಲಿ ಹೊಸ ಬಣ್ಣದ ಕೆಳಗೆ ತಗಡಿನ ತೇಪೆ, ತೇಪೆಯ ಕೆಳಗೆ ಬಿರುಕು. ಹೊರಬಾರದ ಭಾರವನ್ನು ಎಷ್ಟೋ ವರುಷ ಹೊತ್ತ ಗಾಡಿಯ ಬೆನ್ನುಮೂಳೆ ಅಲ್ಲಿ ಸೀಳಿತ್ತು. "ಎಂಜಿನ್ ಬಿಚ್ಚಿ ಕಟ್ಟಬಹುದು ಸ್ವಾಮೀ, ಗೇರುಪೆಟ್ಟಿಗೆ ಬದಲಾಯಿಸಬಹುದು. ಚಾಸಿ ಹೋದರೆ ಗಾಡಿಯೇ ಹೋದಂತೆ" ಎಂದು ಮೈ ಕೊಡವಿಕೊಂಡು ಎದ್ದರು. ಕೂಲಿಯ ವಿಷಯವನ್ನು ಭಾವನವರು ಮತ್ತೆ ಎತ್ತಲಿಲ್ಲ.

ಎರಡನೆಯ ಗಾಡಿ ಶಿರಾಳಕೊಪ್ಪದ ಕಡೆ ಸಿಕ್ಕಿತು. ವಯಸ್ಸು ೧೨ ವರ್ಷ, ಹೊರನೋಟಕ್ಕೆ ಕುರೂಪಿ, ತೊಟ್ಟಿಯ ತಳದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಈ ಸಲ ನಾವೇ ಮುಂಜಾನೆ ಆರಕ್ಕೆ ಹೇಳದೆ ಹೋಗಿ ನಿಂತೆವು. ತಣ್ಣಗಿದ್ದ ಎಂಜಿನು ಎರಡನೆಯ ಯತ್ನಕ್ಕೆ ಚಾಲೂ ಆಗಿ, ಒಂದಿಷ್ಟು ಬಿಳಿಯ ಹೊಗೆಯುಗುಳಿ, ಎರಡು ನಿಮಿಷದಲ್ಲಿ ತಿಳಿಯಾಯಿತು. ಹೊಗೆಯ ವಿಚಾರವಾಗಿ ಮೇಸ್ತ್ರಿಗಳು ತಿಳಿಸಿದುದನ್ನು ಇಲ್ಲಿ ಹೇಳಿಬಿಡುತ್ತೇವೆ. ಚಳಿಯಲ್ಲಿ ಮೊದಲು ಬಂದು ಬೇಗನೆ ನಿಲ್ಲುವ ಬಿಳಿ ಹೊಗೆಗೆ ಹೆದರಬೇಕಾಗಿಲ್ಲ. ಅದು ನಿಲ್ಲದೆ, ರೇಡಿಯೇಟರಿನ ನೀರೂ ದಿನದಿನಕ್ಕೆ ಇಳಿಯುತ್ತಿದ್ದರೆ ನೀರು ಎಂಜಿನಿನೊಳಕ್ಕೆ ಇಳಿಯುತ್ತಿದೆಯೆಂದು ಶಂಕಿಸಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ, ಇಲ್ಲವೆ ಗಾಳಿ ಕಡಿಮೆಯಾಗಿದೆ; ಇದು ಕೆಲವೊಮ್ಮೆ ಬರಿಯ ಗಾಳಿಶೋಧಕದ ಕೊಳೆಯಿಂದಲೂ ಆಗುವುದುಂಟು. ಆಮೇಲೆ ಅವರು ಎಂಜಿನು ಓಡುತ್ತಿರುವಾಗಲೇ ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದು ನೋಡಿದರು. ಅಲ್ಲಿಂದ ಹಬೆ ಬುಸುಬುಸು ಹೊಮ್ಮುತ್ತಿದ್ದರೆ ಒಳಗಿನ ರಿಂಗುಗಳು ಸವೆದಿವೆಯೆಂದು ಅರ್ಥವಂತೆ. ಇಲ್ಲಿ ಅಷ್ಟಾಗಿ ಇರಲಿಲ್ಲ. ಚಾಸಿ ಎಲ್ಲೆಡೆಯೂ ಟಣ್ ಎಂದಿತು. ಟಯರುಗಳು ನೋಡಲು ಚೆನ್ನಾಗಿದ್ದರೂ ಅವುಗಳ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕೆಗಳನ್ನು ನೋಡಿದಾಗ ಗುಟ್ಟು ರಟ್ಟಾಯಿತು. ಮೊದಲೆರಡು ಅಂಕೆ ವಾರ, ಕೊನೆಯ ಎರಡು ವರ್ಷ. ೩೧೧೫ ಎಂದಿದ್ದರೆ ೨೦೧೫ರ ೩೧ನೆಯ ವಾರದಲ್ಲಿ ಹುಟ್ಟಿದ್ದೆಂದು ತಿಳಿಯಬೇಕು. ಹೆಚ್ಚು ಓಡದಿದ್ದರೂ ರಬ್ಬರಿಗೆ ಮುಪ್ಪು ಬಂದೇ ಬರುತ್ತದೆ. ಸೋದರಿಯರು ತಮ್ಮ ಮನೆಯ ಸ್ಕೂಟರಿನ ಟಯರಿನ ಮೇಲೆಯೂ ಈ ಅಂಕೆಗಳನ್ನು ಹುಡುಕಿ ನೋಡಬಹುದು.

ಬೆಲೆ ೧,೮೫,೦೦೦ಕ್ಕೆ ನಿಂತಿತು. ಭಾವನವರು ಮುಂಗಡಕ್ಕೆಂದು ಕೈಚೀಲಕ್ಕೆ ಕೈ ಹಾಕುವಷ್ಟರಲ್ಲಿ ನಾವು ಆರ್.ಸಿ. ಪುಸ್ತಕವನ್ನು ಕೇಳಿದೆವು. ಪುಸ್ತಕದಲ್ಲಿದ್ದ ಹೆಸರು ಎದುರಿಗಿದ್ದವರದಲ್ಲ. "ಅವರು ನಮಗೆ ಮಾರಿ ಮೂರು ವರ್ಷವಾಯಿತು, ಸಹಿ ಹಾಕಿದ ಫಾರಂ ನಮ್ಮಲ್ಲಿಯೇ ಇದೆ, ತಾರೀಖು ನೀವೇ ತುಂಬಿಕೊಳ್ಳಿ" ಎಂದು ಅವರು ನಗುನಗುತ್ತಲೇ ಹೇಳಿದರು. ನಮಗೆ ಮಾತ್ರ ಬೆನ್ನು ತಣ್ಣಗಾಯಿತು.

ಈಗ ಜೀಪಿನ ಕಥೆ. ಕೆಲವು ವರುಷಗಳ ಕೆಳಗೆ ನಾವೂ ಹೀಗೆಯೇ ತಾರೀಖಿಲ್ಲದ ಫಾರಮ್ಮಿಗೆ ಸಹಿ ಹಾಕಿ, ಪರಿಚಯಸ್ಥರೊಬ್ಬರ ಕೈಗೆ ಜೀಪನ್ನು ಒಪ್ಪಿಸಿ, ಹಣ ಎಣಿಸಿಕೊಂಡು ಮನೆಗೆ ಬಂದಿದ್ದೆವು. ಎರಡು ವರ್ಷದ ಮೇಲೆ ನ್ಯಾಯಾಲಯದಿಂದ ನೋಟೀಸು ಬಂತು. ಜೀಪು ಅಷ್ಟರಲ್ಲಿ ಮೂರು ಕೈ ದಾಟಿ, ವಿಮೆಯೂ ತೀರಿ, ದಾರಿಹೋಕರೊಬ್ಬರ ಕಾಲನ್ನು ಮುರಿದಿತ್ತು. ಪುಸ್ತಕದಲ್ಲಿ ಹೆಸರು ನಮ್ಮದು. ನಾವು ಮೊದಲ ದಿನ ನ್ಯಾಯಾಲಯಕ್ಕೆ ಹೋದಾಗ, ಅನ್ಯಾಯವಾದದ್ದು ನಮಗೇ ಎಂಬ ಭಾವದಲ್ಲಿದ್ದೆವು. ಊರುಗೋಲಿನ ಮೇಲೆ ನಿಂತಿದ್ದ ಆತನನ್ನು, ಅವನ ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಹೆಂಡತಿಯನ್ನು ಕಂಡ ಮೇಲೆ ಹಾಗೆ ಹೇಳಿಕೊಳ್ಳಲು ನಾಚಿಕೆಯಾಯಿತು. ಹಣವನ್ನು ಕಂತು ಕಂತಾಗಿ ಕಟ್ಟಿದೆವು.

ನಮ್ಮದು ಒಂಟಿ ಪ್ರಸಂಗವಲ್ಲ. ೨೦೦೭ರಲ್ಲಿ ಮಾರಿದ ಗಾಡಿಯೊಂದು ಕೈಯಿಂದ ಕೈಗೆ ದಾಟಿ ೨೦೦೯ರಲ್ಲಿ ಅಪಘಾತ ಮಾಡಿತು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಫೆಬ್ರವರಿಯಲ್ಲಿ ತೀರ್ಪಿತ್ತು, ನೋಂದಣಿಯಲ್ಲಿ ಯಾರ ಹೆಸರಿರುವುದೋ ಅವರೇ ಕಾನೂನಿನ ಕಣ್ಣಿಗೆ ಒಡೆಯರೆಂದೂ, ಗಾಯಗೊಂಡವರು ಮಾರಾಟದ ಸರಪಣಿಯನ್ನು ಹಿಡಿದು ಮನೆಮನೆ ಅಲೆಯಬೇಕಾಗಿಲ್ಲವೆಂದೂ ಹೇಳಿತು. ಹೀಗಿರುವಲ್ಲಿ ಗಾಡಿ ಮಾರುವವರು ಕೊಳ್ಳುವವರಿಗಿಂತಲೂ ಹೆಚ್ಚಾಗಿ ಎಚ್ಚರದಿಂದಿರಬೇಕಾಗಿದೆ. ಮೋಟಾರು ವಾಹನಗಳ ಕಾಯಿದೆಯಂತೆ ಅದೇ ರಾಜ್ಯದೊಳಗೆ ಮಾರಿದವರು ೧೪ ದಿನಗಳಲ್ಲಿ ತಿಳಿಸಬೇಕು, ಕೊಂಡವರು ೩೦ ದಿನಗಳಲ್ಲಿ ವರದಿ ಮಾಡಬೇಕು. ಅದಕ್ಕೆ ೨೯ ಮತ್ತು ೩೦ನೆಯ ನಮೂನೆಗಳಿವೆ. ಗಾಡಿಯ ಮೇಲೆ ಸಾಲವಿದ್ದು ತೀರಿದ್ದರೆ, ಬ್ಯಾಂಕಿನ ಪತ್ರದೊಡನೆ ೩೫ನೆಯ ನಮೂನೆಯನ್ನೂ ಕೊಟ್ಟು ಸಾಲದ ಉಲ್ಲೇಖವನ್ನು ಪುಸ್ತಕದಿಂದ ತೆಗೆಸಬೇಕು. ವಿಮೆಯನ್ನು ಹೊಸ ಹೆಸರಿಗೆ ಬದಲಿಸಿಕೊಳ್ಳಲು ಕೊಂಡವರಿಗೆ ೧೪ ದಿನಗಳ ಅವಧಿ.

ಅಂತೂ ಪುಸ್ತಕದಲ್ಲಿ ಹೆಸರಿದ್ದ ಮೂಲ ಒಡೆಯರನ್ನು ಹುಡುಕಿಕೊಂಡು ಹೋದೆವು. ಅದಕ್ಕೆ ಎರಡು ದಿನ ಹಿಡಿಯಿತು. ಮೂರು ವರ್ಷದಿಂದ ಆ ಗಾಡಿ ತಮ್ಮ ಹೆಸರಿನಲ್ಲಿಯೇ ಊರೂರು ಸುತ್ತುತ್ತಿರುವುದನ್ನು ಕೇಳಿ ಅವರಿಗೂ ಗಾಬರಿಯಾಯಿತು. ಕಾಫಿ ಕೊಟ್ಟು, ತಾವೇ ಕಚೇರಿಗೆ ಬಂದರು.

ಇನ್ನು ರಿಪೇರಿಯ ಮಾತು. ಕೈಯಲ್ಲಿ ಉಳಿದದ್ದು ೬೫,೦೦೦. ಭಾವನವರು ಆ ಹಣಕ್ಕೆ ಮೊದಲೇ ಪಟ್ಟಿ ಮಾಡಿಟ್ಟಿದ್ದರು: ಹಿಂದಿನ ಕಮಾನಿಗೆ ಎರಡೆರಡು ಹೆಚ್ಚುವರಿ ಪಟ್ಟಿ, ಅಗಲದ ಟಯರು, ಛಾವಣಿಯ ಮೇಲೊಂದು ಸಾಲು ದೀಪ, ಎರಡು ಸ್ವರದ ಹಾರನ್ನು. ಮೇಸ್ತ್ರಿಗಳು ಪಟ್ಟಿಯನ್ನು ಓದಿ, ಮಡಚಿ ಮರಳಿ ಕೊಟ್ಟು, "ಇದರಲ್ಲಿ ಗಾಡಿ ಓಡಿಸುವುದಿದೆ, ನಿಲ್ಲಿಸುವುದಿಲ್ಲ" ಎಂದರು.

ಬ್ರೇಕಿನ ಚಕ್ರವನ್ನು ಬಿಚ್ಚಿ ತೋರಿಸಿದಾಗ ಅವರ ಮಾತು ನಮಗೆ ಅರ್ಥವಾಯಿತು. ಒಳಗಿನ ಸಿಲಿಂಡರು ಎಣ್ಣೆ ಒಸರುತ್ತಿತ್ತು, ಪಟ್ಟಿಗಳು ಸವೆದು ಮೊಳೆ ತಾಗುವಂತಿದ್ದುವು, ಬ್ರೇಕಿನ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಈ ಎಣ್ಣೆಯ ಗುಣವೇನೆಂದರೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಆಗುಂಬೆಯಂತಹ ಘಟ್ಟದಲ್ಲಿ ಭಾರ ಹೇರಿಕೊಂಡು, ಬ್ರೇಕನ್ನು ಒತ್ತಿಯೇ ಇಳಿಯುತ್ತಾ ಹೋದರೆ ಎಣ್ಣೆ ಕುದಿದು ಹಬೆಯಾಗಿ, ಹತ್ತನೆಯ ತಿರುವಿನಲ್ಲಿ ಪೆಡಲು ಹತ್ತಿಯ ಮೂಟೆಯಂತೆ ಕೆಳಗಿಳಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವುದು ಇದಕ್ಕೇ.

ಕಮಾನಿನ ವಿಷಯದಲ್ಲಿ ಭಾವನವರು ಬೇಗನೆ ಸೋಲಲಿಲ್ಲ. ಪಟ್ಟಿ ಹೆಚ್ಚಿಸಿದರೆ ಎರಡು ಟನ್ನು ಹೇರಬಹುದು, ಮಂಡಿಗೆ ಒಂದೇ ಸಲ ಹೋದರೆ ಸಾಕು, ಎಲ್ಲರೂ ಮಾಡುವುದೂ ಅದನ್ನೇ ಎಂಬುದು ಅವರ ವಾದ. ಎಲ್ಲರೂ ಮಾಡುತ್ತಾರೆಂಬುದು ನಿಜ. ಆದರೆ ಕಮಾನು ಗಟ್ಟಿಯಾದ ಮಾತ್ರಕ್ಕೆ ಅಚ್ಚಾಗಲಿ, ಬೇರಿಂಗಾಗಲಿ, ಬ್ರೇಕಿನ ಡ್ರಮ್ಮಾಗಲಿ ದೊಡ್ಡದಾಗುವುದಿಲ್ಲ. ಮೊದಲು ನೋಡಿದ ಗಾಡಿಯ ಬೆನ್ನು ಸೀಳಿದ್ದು ಹೀಗೆಯೇ. ಇನ್ನೂ ಒಂದು ಸೂಕ್ಷ್ಮವುಂಟು. ಕೆಲವು ಪಿಕಪ್ಪುಗಳಲ್ಲಿ ಹಿಂಭಾಗವು ಭಾರಕ್ಕೆ ಎಷ್ಟು ಕುಗ್ಗಿದೆಯೆಂಬುದನ್ನು ನೋಡಿ ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡವನ್ನು ಹಂಚುವ ಕವಾಟವೊಂದಿರುತ್ತದೆ. ಕಮಾನನ್ನು ಬಿರುಸು ಮಾಡಿದರೆ ಭಾರ ಹೊತ್ತಾಗಲೂ ಗಾಡಿ ಕುಗ್ಗುವುದಿಲ್ಲ. ಕವಾಟವು ಗಾಡಿ ಖಾಲಿಯಿದೆಯೆಂದೇ ಭ್ರಮಿಸಿ, ಬ್ರೇಕು ಅತ್ಯಂತ ಬೇಕಾದಾಗಲೇ ಕಡಿಮೆ ಕೊಡುತ್ತದೆ. ಕಾನೂನಿನ ಮಾತು ಬೇರೆ. ಎಷ್ಟು ಹೇರಬಹುದೆಂಬುದು ಆರ್.ಸಿ. ಪುಸ್ತಕದಲ್ಲಿದೆ: ಒಟ್ಟು ತೂಕದಲ್ಲಿ ಖಾಲಿ ತೂಕವನ್ನು ಕಳೆದರೆ ಉಳಿದಷ್ಟು. ೨೦೧೯ರ ತಿದ್ದುಪಡಿಯಂತೆ ಅದನ್ನು ಮೀರಿದರೆ ೨೦,೦೦೦ ರೂಪಾಯಿ, ಮೇಲೆ ಪ್ರತಿ ಟನ್ನಿಗೆ ೨,೦೦೦. ಅದೇ ವರ್ಷದ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಹೇಳಿದೆ. ಅಗಲದ ಟಯರು, ಸಾಲು ದೀಪಗಳ ಆಸೆ ಅಲ್ಲಿಗೆ ಮುಗಿಯಿತು. ಮುಂದಿನ ದೀಪ ಮಂಕಾಗಿದ್ದುದು ಬಲ್ಬಿನ ದೋಷವಾಗಿರದೆ ಹಳೆಯ ತಂತಿಯ ದೋಷವಾಗಿತ್ತು. ರಿಲೇ ಹಾಕಿ, ಹೊಸ ತಂತಿ ಎಳೆದು, ಕಂಪನಿ ಹೇಳಿದಷ್ಟೇ ವ್ಯಾಟಿನ ಬಲ್ಬು ಹಚ್ಚಿದಾಗ ಅಂಗಳವೆಲ್ಲ ಬೆಳಗಿತು.

ಖರ್ಚಿನ ವಿವರವನ್ನು ಕೇಳುವ ವಾಚಕರಿಗಾಗಿ ಕೊಡುತ್ತೇವೆ. ಬ್ರೇಕಿಗೆ ೧೪,೦೦೦, ಮೂಲ ಅಳತೆಯ ನಾಲ್ಕು ಟಯರಿಗೆ ೨೪,೦೦೦, ಸ್ಟಿಯರಿಂಗಿನ ಸವೆದ ಕೀಲುಗಳಿಗೆ ೯,೦೦೦, ಕ್ಲಚ್ಚಿಗೆ ೧೧,೦೦೦, ದೀಪ ಮತ್ತು ತಂತಿಗೆ ೪,೫೦೦. ಒಟ್ಟು ೬೨,೫೦೦. ತೊಟ್ಟಿಯ ತಗಡಿಗೆ ಹಣ ಉಳಿಯಲಿಲ್ಲ. ಸದ್ಯಕ್ಕೆ ಅಡಿಕೆ ದಬ್ಬೆಗಳನ್ನು ಹಾಸಿದ್ದಾರೆ. ಹಾರನ್ನು ಹಳೆಯದೇ.

ಭಾವನವರ ಬಳಿಯಿದ್ದುದು ಕಾರು ಓಡಿಸುವ ಲೈಸೆನ್ಸು. ಒಟ್ಟು ತೂಕ ೭,೫೦೦ ಕಿಲೋ ಮೀರದ ಸರಕು ಗಾಡಿಗೆ ಅದೇ ಸಾಕೆಂದು ೨೦೧೭ರಲ್ಲಿ ಹೇಳಿದ್ದ ಮಾತನ್ನು ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರಿನಲ್ಲಿ ಮತ್ತೆ ಎತ್ತಿ ಹಿಡಿದಿದೆ. ೩,೦೦೦ ಕಿಲೋ ಮೀರದ ಗಾಡಿಗೆ ಪರ್ಮಿಟ್ಟೂ ಬೇಕಾಗಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್.ಸಿ. ಮಾತ್ರ ವರ್ಷ ವರ್ಷವೂ ಆಗಬೇಕು. ೧೫ ದಾಟಿದ ಮೇಲೆ ಅದರ ಶುಲ್ಕ ೨೦೨೨ರ ಏಪ್ರಿಲಿನಿಂದ ಬಹಳವಾಗಿ ಏರಿದೆ. ಆದುದರಿಂದ ಹದಿನಾಲ್ಕು ವರ್ಷದ ಗಾಡಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಮುಂದಿನ ವರ್ಷದ ಲೆಕ್ಕವನ್ನೂ ಹಾಕತಕ್ಕದ್ದು.

ಮನೆಯಲ್ಲಿ ನಿಜವಾಗಿ ಜಗಳವೆದ್ದದ್ದು ಇದಾವುದಕ್ಕೂ ಅಲ್ಲ. ಕೊನೆಗೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಮೂರು ಮೈಲಿ ದೂರದ ಕೇರಿಯಿಂದ ಹತ್ತು ಹನ್ನೆರಡು ಮಂದಿ ಹೆಂಗಸರು ಬರುತ್ತಾರೆ. ಅವರನ್ನು ಪಿಕಪ್ಪಿನ ಹಿಂದೆ ಕೂರಿಸಿಕೊಂಡು ಬರುವುದು ಭಾವನವರ ಯೋಚನೆಯಾಗಿತ್ತು. ಸರಕು ಗಾಡಿಯಲ್ಲಿ ಸುಮ್ಮನೆ ಕುಳಿತು ಬರುವವರಿಗೆ ವಿಮೆಯವರು ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೨ರ ಡಿಸೆಂಬರಿನಲ್ಲಿಯೇ ತೀರ್ಮಾನಿಸಿದುದನ್ನು ನಾವು ತಿಳಿಸಿದೆವು. ಸರಕಿನ ಒಡೆಯನೋ ಅವನ ಪ್ರತಿನಿಧಿಯೋ ಸರಕಿನೊಡನೆ ಬಂದರೆ ಮಾತು ಬೇರೆ, ಇದು ಹಾಗಲ್ಲ. ಭಾವನವರಿಗೆ ಸಿಟ್ಟು ಬಂತು. "ರಾತ್ರಿ ಹತ್ತಕ್ಕೆ ಸುಲಿದು ಮುಗಿಸಿದ ಮೇಲೆ ಆ ಕತ್ತಲಲ್ಲಿ ಅವರು ನಡೆದೇ ಹೋಗಬೇಕೆನ್ನುತ್ತೀಯಾ? ನಿನ್ನ ಕಾನೂನಿಗೆ ದಾರಿಯ ಹಾವು, ಕಾಡುಕೋಣ ಗೊತ್ತಿದೆಯೇ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು, ನಮ್ಮಲ್ಲಿ ಉತ್ತರವಿರಲಿಲ್ಲ. ಆ ದಾರಿಯಲ್ಲಿ ಬಸ್ಸಿಲ್ಲ. ಮಲೆನಾಡಿನಲ್ಲಿ ನಿತ್ಯವೂ ಎಷ್ಟೋ ಹೆಂಗಸರು ಹೀಗೆಯೇ ಕಬ್ಬಿಣದ ಸರಳನ್ನು ಹಿಡಿದು ನಿಂತು ಕೆಲಸಕ್ಕೆ ಹೋಗಿಬರುತ್ತಾರೆಂಬುದನ್ನು ನಾವೂ ಕಂಡಿದ್ದೇವೆ.

ಒಲೆಯ ಬಳಿಯಿದ್ದ ಅಕ್ಕ ಸೌಟನ್ನು ಹಿಡಿದುಕೊಂಡೇ ಹೊರಗೆ ಬಂದಳು. "ಸರ ಯಾರದು?" ಎಂದು ಕೇಳಿದಳು.

ಭಾವನವರು ಸುಮ್ಮನಿದ್ದರು.

"ಹಾಗಾದರೆ ಪುಸ್ತಕವೂ ನನ್ನ ಹೆಸರಿಗೇ ಆಗಲಿ. ನಾಳೆ ನೋಟೀಸು ಬಂದರೆ ನನಗೇ ಬರಲಿ. ಹೆಸರು ನನ್ನದಾದ ಮೇಲೆ ಹಿಂದೆ ಯಾರನ್ನೂ ಕೂರಿಸಬೇಡಿ. ಅವರಿಗೆ ನಾನು ಆಟೋ ಹೇಳುತ್ತೇನೆ, ಎರಡು ಸಲ ಹೋಗಿಬರಲಿ, ಬಾಡಿಗೆ ಕೊಡೋಣ. ಮಂಡಿಗೂ ಎರಡು ಸಲ ಹೋಗಿ."

ಹಾಗೆಯೇ ನಡೆಯಿತು. ಗಾಡಿ ಈಗ ಅಕ್ಕನ ಹೆಸರಿನಲ್ಲಿದೆ. ಆಟೋ ಬಾಡಿಗೆಯ ದೆಸೆಯಿಂದ ಈ ವರ್ಷ ಸೊಸೈಟಿಗೆ ಬಡ್ಡಿಯನ್ನು ಮಾತ್ರ ಕಟ್ಟಲು ಸಾಧ್ಯವಾಯಿತಂತೆ. ಸರ ಇನ್ನೂ ಅಲ್ಲಿಯೇ ಇದೆ. ಹೋದ ವಾರ ಅಕ್ಕ ಫೋನು ಮಾಡಿದಾಗ ಸರದ ಮಾತನ್ನು ನಾವೇ ಎತ್ತಿದೆವು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ, ತಾನು ಬರುವ ತಿಂಗಳಿನಿಂದ ಡ್ರೈವಿಂಗು ಕಲಿಯಲು ಸೇರುವುದಾಗಿಯೂ, ಭಾವನವರಿಗೆ ಇನ್ನೂ ತಿಳಿಸಿಲ್ಲವಾಗಿಯೂ, ನಾವು ಬಾಯಿ ಬಿಡಬಾರದಾಗಿಯೂ ಹೇಳಿದಳು. ಭಾವನವರು ಈ ಮಾಸಪತ್ರಿಕೆಯನ್ನು ಓದುವವರಲ್ಲ.